ಚಕ್ರವರ್ತಿಯ ಪುಸ್ತಕಕ್ಕೆ ಬಾಸ್ಸಾಳ ತೊಗಲು

ಸಿಸೇರಿಯಾದ ಬಂದರಿನಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಚೌಕಟ್ಟಿಗೆ ಬಿಗಿದ ಕುರಿಯ ತೊಗಲನ್ನು ಬಾಸ್ಸಾ ಬಾಗುಗತ್ತಿಯಿಂದ ಹೆರೆಯುತ್ತಿದ್ದಾರೆ. ಕತ್ತಿ ಕೂದಲೆಳೆಯಷ್ಟು ಹೆಚ್ಚು ಆಳಕ್ಕಿಳಿಯುತ್ತದೆ, ಹೆಬ್ಬೆರಳು ತೂರುವಷ್ಟು ತೂತು ಬೀಳುತ್ತದೆ.

“ಹಾಳಾದ್ದು, ಇವತ್ತೇ ಆಗ್ಬೇಕಿತ್ತಾ!”

ಸಿಟ್ಟು ಬರುವುದು ಸಹಜವೇ. ತಮ್ಮ ಹೊಸ ರಾಜಧಾನಿಯ ಚರ್ಚುಗಳಿಗೆ ಐವತ್ತು ಧರ್ಮಗ್ರಂಥ ಬರೆಸಿ ಕಳಿಸಿ ಎಂದು ಚಕ್ರವರ್ತಿ ಕಾನ್‌ಸ್ಟಂಟೈನ್ ಅಪ್ಪಣೆ ಮಾಡಿದ್ದಾರೆ. ನಲವತ್ತೊಂಬತ್ತು ಮುಗಿದಿವೆ. ಐವತ್ತನೆಯದರ ಕೊನೆಯ ಹಾಳೆಗೆ ಈ ತೊಗಲೇ ಗತಿ. ಉಳಿದವೆಲ್ಲ ಇನ್ನೂ ಸುಣ್ಣದ ತೊಟ್ಟಿಯಲ್ಲಿವೆ. ಸರ್ಕಾರಿ ಗಾಡಿ ನಾಡಿದ್ದು ಹೊರಡುತ್ತದೆ.

ದಿನಕ್ಕೆ ನಾಲ್ಕು ತೊಗಲು ಹದ ಮಾಡುವ ಬಾಸ್ಸಾಗೆ ಓದಲು ಬಾರದು. ಆದರೆ ಪುಸ್ತಕದ ಬೆಲೆ ಇವರಿಗೆ ಗೊತ್ತಿರುವಷ್ಟು ಬಲ್ಲವರು ಕಡಿಮೆ. ಇಪ್ಪತ್ತೆಂಟು ವರ್ಷದ ಹಿಂದೆ, ಬೇರೆ ಚಕ್ರವರ್ತಿಯ ಕಾಲದಲ್ಲಿ, ಕ್ರೈಸ್ತರ ಇದೇ ಗ್ರಂಥಗಳನ್ನು ಸುಡಲು ಸಿಪಾಯಿಗಳು ಮನೆಮನೆ ಜಾಲಾಡಿದ್ದರು.

“ನಮ್ಮಪ್ಪ ಧರ್ಮಗ್ರಂಥದ ಕೀರ್ತನೆ ಪುಸ್ತಕನ ಸುಣ್ಣದ ಮೂಟೆ ಕೆಳಗೆ ಬಚ್ಚಿಟ್ಟು, ವೈದ್ಯದ ಪುಸ್ತಕ ಕೊಟ್ಟುಬಿಟ್ರು. ಪಾಪ, ಆ ಸಿಪಾಯಿಗೆ ಓದೋಕೆ ಬರ್ತಿರ್ಲಿಲ್ಲ. ಮೂಲವ್ಯಾಧಿ ಮದ್ದೆಲ್ಲ ಭಸ್ಮ ಮಾಡ್ಕೊಂಡು ಹೋದ!” ಎಂದು ಜೊತೆ ಕೆಲಸದವರಿಗೆ ಹೇಳಿ ಬಾಸ್ಸಾ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ.

ನಗುತ್ತಲೇ ತೂತಿನ ಸುತ್ತ ನರದ ದಾರದಿಂದ ಒತ್ತೊತ್ತಾಗಿ ಹೊಲಿಗೆ ಹಾಕುತ್ತಾರೆ. ಬರಹಗಾರರ ಮೇಲ್ವಿಚಾರಕ ಅಗಾಪಿಯಸ್ ಅದನ್ನು ಕಂಡು ಹೌಹಾರುತ್ತಾರೆ.

“ಅಕ್ಕಾ, ತೇಪೆ ಹಾಕಿದ್ದನ್ನ ಚಕ್ರವರ್ತಿಗೆ ಕಳಿಸೋದಾ? ನನ್ನ ತಲೆ ಉಳಿಯುತ್ತಾ?”

“ಧರ್ಮದ ವಿಷಯಕ್ಕೆ ಬಿಷಪ್ಪರು ಕಚ್ಚಾಡಿದಾಗ ನೈಸಿಯಾ ಸಭೆಯಲ್ಲಿ ಕೂತು ತೇಪೆ ಹಾಕಿಸಿದ್ದು ಯಾರಪ್ಪ? ನಮ್ಮ ಚಕ್ರವರ್ತಿಗಳೇ ತಾನೆ? ಅವರಿಗೆ ಅರ್ಥ ಆಗುತ್ತೆ, ತಗೊಂಡು ಹೋಗು.”

ಅಗಾಪಿಯಸ್ ಚೌಕಟ್ಟನ್ನು ಎತ್ತಿಕೊಂಡು ಹೋಗುತ್ತಾರೆ. ತೊಗಲು ಒಣಗುತ್ತದೆ, ಅಕ್ಷರಗಳು ಹೊಲಿಗೆಯ ಪಕ್ಕದಿಂದ ಸುತ್ತಿ ಸಾಗುತ್ತವೆ, ಒಂದು ಪದವೂ ತಪ್ಪದೆ.

ಹೊರಡುವ ಬೆಳಿಗ್ಗೆ ಒಬ್ಬ ಸಿಪಾಯಿ ಐವತ್ತನೆಯ ಪುಸ್ತಕವನ್ನು ಸೌದೆಯ ಹೊರೆಯಂತೆ ಗಾಡಿಗೆ ಎಸೆಯಲು ನೋಡುತ್ತಾನೆ.

“ಏಯ್, ಮೆಲ್ಲಗೆ! ಕೈ ತೊಳ್ಕೊಂಡು ಮುಟ್ಟು!” ಬಾಸ್ಸಾ ಗದರುತ್ತಾರೆ.

“ಆಯ್ತಮ್ಮ,” ಎಂದ ಸಿಪಾಯಿ ಕೈ ತೊಳೆದು ಬಂದು, ಪುಸ್ತಕವನ್ನು ಎರಡೂ ಕೈಯಲ್ಲಿ ಎತ್ತಿ ಗಾಡಿಯ ಹುಲ್ಲಿನ ಮೇಲೆ ಮಲಗಿಸುತ್ತಾನೆ. ಬಾಸ್ಸಾ ಅವರ ಕಣ್ಣು ತುಂಬಿ ಬರುತ್ತದೆ.

“ಈ ಸಿಪಾಯಿಗಳ ಬೂಟಿನ ಸದ್ದು ಕೇಳಿದ್ರೆ ನಮ್ಮಪ್ಪ ನಡುಗ್ತಿದ್ರು,” ಎಂದು ಗಾಡಿಯ ಸುತ್ತ ನಿಂತ ಬರಹಗಾರರಿಗೆ ಹೇಳುತ್ತಾರೆ. “ಇವತ್ತು ನಾನು ಬೈದೆ. ಅವನು ‘ಆಯ್ತಮ್ಮ’ ಅಂದ. ಕೇಳಿಸ್ಕೊಂಡ್ರಲ್ಲಾ?”