ಮಾವ ಸರಿಮಾಡಿದ ಬೀಗ

ನಮ್ಮ ಸೋದರಮಾವ ಬೀಗ ರಿಪೇರಿ ಮಾಡುವವರು. ಬಸ್ ನಿಲ್ದಾಣದ ಎದುರು, ಒಂದು ಕಟ್ಟಡದ ಮೆಟ್ಟಿಲುಗಳ ಕೆಳಗಿನ ಜಾಗದಲ್ಲಿ ಅವರ ಅಂಗಡಿ. ಕೀ ಕಳೆದುಕೊಂಡವರು ಬಂದು ಕರೆದರೆ ಊಟದ ತಟ್ಟೆ ಬಿಟ್ಟು ಎದ್ದು ಹೋಗುತ್ತಾರೆ. ಎಂಥ ಬಾಗಿಲಾದರೂ ತೆರೆಯುವ ಮೊದಲು ತಟ್ಟಿ, “ಒಳಗೆ ಯಾರಾದ್ರೂ ಇದೀರಾ?” ಎಂದು ಕೇಳುತ್ತಾರೆ. ಒಳಗೆ ಯಾರೂ ಇಲ್ಲ ಎಂದು ಮನೆಯವರು ಆಣೆ ಮಾಡಿದರೂ ಕೇಳಿಯೇ ತಂತಿ ಹಾಕುವುದು. ಅವರಿಗಿರುವ ಕೆಟ್ಟ ಚಾಳಿ ಒಂದೇ. ಕೆಟ್ಟ ಬೀಗ ಕಂಡರೆ ಕೈ ಸುಮ್ಮನಿರುವುದಿಲ್ಲ. ನೆಂಟರ ಮನೆಗೆ ಹೋದರೂ ಬಚ್ಚಲ ಚಿಲಕ ಬಿಚ್ಚಿಕೊಂಡು ಕೂತುಬಿಡುತ್ತಾರೆ.

ಅತ್ತೆಗೆ ಒಮ್ಮೆಯಾದರೂ ವಿಮಾನ ಹತ್ತಬೇಕೆಂಬ ಆಸೆ. ಹಾಗಾಗಿ ಮಾವ, ಅತ್ತೆ, ಅವರ ಮಗಳು ಪುಟ್ಟಿ ಮತ್ತು ನಾನು ಹೊರದೇಶಕ್ಕೆ ಹೋದೆವು. ಇಳಿದುಕೊಂಡದ್ದು ಚಪ್ಪಲಿ ಅಂಗಡಿಯೊಂದರ ಮೇಲಿನ ಕಡಿಮೆ ಬಾಡಿಗೆಯ ಹೋಟೆಲಿನಲ್ಲಿ. ರೂಮಿಗೆ ದೊಡ್ಡ ಪರದೆಯಿತ್ತು. ಅತ್ತೆ ಬೀದಿ ನೋಡಲೆಂದು ಅದನ್ನು ಸರಿಸಿದರೆ ಹಿಂದೆ ಬರೀ ಗೋಡೆ.

“ಏನ್ರೀ ಇದು, ಗೋಡೆಗೆ ಸೀರೆ ಉಡಿಸಿದಾರೆ!” ಎಂದರು ಅತ್ತೆ. ಎಲ್ಲರೂ ನಕ್ಕೆವು.

ಮಂಚದ ಪಕ್ಕದಲ್ಲಿ ಇನ್ನೊಂದು ಬಾಗಿಲಿತ್ತು. ಅದಕ್ಕೆ ಬೀಗವಿತ್ತು, ಆದರೆ ಅದರ ನಾಲಿಗೆ ತುಕ್ಕು ಹಿಡಿದು ಒಳಗೇ ಸಿಕ್ಕಿಕೊಂಡು ಬೀಗ ಬೀಳುತ್ತಿರಲಿಲ್ಲ. ಅಡ್ಡವಾಗಿ ಒಂದು ಕುರ್ಚಿ ಇಟ್ಟಿದ್ದರು.

ಮೊದಲ ದಿನ ಸುತ್ತಾಡಿ ಬಂದಾಗ ಕುರ್ಚಿ ಸ್ವಲ್ಪ ಸರಿದಿತ್ತು. ಬಚ್ಚಲಲ್ಲಿ ಸೋಪು ಒದ್ದೆಯಾಗಿತ್ತು. ಅತ್ತೆ ತಲೆ ಬಾಚಿಕೊಳ್ಳಲು ಹೋಗಿ, ಬಾಚಣಿಗೆಯಿಂದ ಒಂದು ಕೂದಲನ್ನು ಎಳೆದರು. ಅದು ಬರುತ್ತಲೇ ಇತ್ತು. ಪೂರ್ತಿ ಬಿಳಿ.

“ನಮ್ಮಲ್ಲಿ ಯಾರಿಗಿದೆ ಇಷ್ಟುದ್ದದ ಬಿಳಿ ಕೂದಲು?”

ಯಾರೂ ನಗಲಿಲ್ಲ. ಪುಟ್ಟಿಗೆ ಇಂಗ್ಲಿಷ್ ಬರುತ್ತದೆ. ಕೆಳಗೆ ಕೌಂಟರಿನಲ್ಲಿ ಕೂರುವ ಹೋಟೆಲಿನವನನ್ನು ಕೇಳಿಕೊಂಡು ಬಂದಳು. “ಆ ಬಾಗಿಲ ಹಿಂದೆ ರೂಮೇ ಇಲ್ವಂತೆ. ಗೋಡೆ ಅಂತೆ.” ಆ ಬಾಗಿಲು ತೆಗೆದು ನೋಡಲು ಅತ್ತೆ ಯಾರನ್ನೂ ಬಿಡಲಿಲ್ಲ.

ಮರುದಿನ ಬೆಳಿಗ್ಗೆ ಹೊರಡುವ ಮುಂಚೆ ಮಾವ ಪೆಟ್ಟಿಗೆಯಿಂದ ಎಣ್ಣೆ, ತಂತಿ ತೆಗೆದರು. “ಪರದೇಶಕ್ಕೆ ಬಂದ್ರೂ ಬಿಡಲ್ವಲ್ಲ ನೀವು,” ಎಂದು ಅತ್ತೆ ಗೊಣಗಿದರೂ ಅವರಿಗೆ ಒಳಗೊಳಗೇ ಸಮಾಧಾನವಾಗಿತ್ತು. ತುಕ್ಕು ಬಿಟ್ಟು ನಾಲಿಗೆ ಹೊರಬಂದು ಚೌಕಟ್ಟಿನೊಳಗೆ ಕೂತಿತು. ಮಾವ ಎರಡು ಸಲ ಎಳೆದು ನೋಡಿದರು. ಬಾಗಿಲು ಅಲ್ಲಾಡಲಿಲ್ಲ.

ಸಂಜೆ ಬಂದಾಗ ಸೋಪು ಒಣಗಿತ್ತು. ಅತ್ತೆ ನಿರಾಳವಾಗಿ ಕಾಲು ಚಾಚಿದರು. ಆಗ ಆ ಬಾಗಿಲಿನಿಂದ ಟಕ್ ಟಕ್ ಎಂಬ ಸದ್ದು ಬಂತು. ಮೆಲ್ಲಗೆ ಬಂತು, ನಿಂತಿತು, ಮತ್ತೆ ಬಂತು.

“ನೀರಿನ ಪೈಪು,” ಎಂದರು ಮಾವ.

“ಪೈಪು ಉಸಿರು ಬಿಡುತ್ತಾ?” ಎಂದಳು ಪುಟ್ಟಿ. ಅವಳು ಬಾಗಿಲಿಗೆ ಕಿವಿಯಿಟ್ಟಿದ್ದಳು. “ಅಪ್ಪಾ, ಆ ಕಡೆ ಯಾರೋ ಒರಗಿಕೊಂಡು ಕೂತಿದಾರೆ.”

ಅವಳು ಹೇಳುತ್ತಿರುವಾಗಲೇ ಬಾಗಿಲ ಕೆಳಗಿನ ಸಂದಿಯಿಂದ ಬೆರಳುಗಳ ತುದಿ ಹೊರಬಂದವು. ಸುಕ್ಕುಗಟ್ಟಿದ, ಬಿಳಿಚಿಕೊಂಡ ಬೆರಳುಗಳು. ನೆಲವನ್ನು ಸವರಿ ಸವರಿ ನೋಡಿ ಒಳಗೆ ಹೋದವು.

ಅತ್ತೆ ಪುಟ್ಟಿಯನ್ನು ಎಳೆದು ಅಪ್ಪಿಕೊಂಡರು. “ಏಳ್ರೀ, ಬೇರೆ ಹೋಟೆಲಿಗೆ ಹೋಗೋಣ. ಈಗಲೇ!”

“ನಾನೇ ಕಣೇ ಕೂಡಿಹಾಕಿದ್ದು,” ಎಂದರು ಮಾವ. “ತೆಗೆಯೋವಾಗ ಕೇಳ್ತೀನಿ. ಹಾಕೋವಾಗ ಕೇಳಬೇಕು ಅಂತ ಹೊಳೆಯಲೇ ಇಲ್ಲ. ಬೆಳಿಗ್ಗೆಯಿಂದ ನೀರಾದ್ರೂ ಸಿಕ್ತೋ ಇಲ್ವೋ.”

ಅವರು ಬಾಗಿಲು ತಟ್ಟಿ, ಬೀಗಕ್ಕೆ ತಂತಿ ಹಾಕಿದರು.

ಬಾಗಿಲು ತೆರೆಯಿತು. ಒಳಗೆ ಒಂದು ಮಂಚ ಹಿಡಿಸುವಷ್ಟೇ ಜಾಗ. ಕಿಟಕಿಯಿಲ್ಲ, ಬೇರೆ ಬಾಗಿಲೂ ಇಲ್ಲ. ನೆಲದ ಮೇಲಿದ್ದ ಮುದುಕಿಯೊಬ್ಬಳು ಗೋಡೆ ಹಿಡಿದು ಎದ್ದಳು. ನಾವು ಅಲ್ಲಿ ಇಲ್ಲವೇ ಇಲ್ಲ ಎಂಬಂತೆ ನಮ್ಮ ನಡುವೆಯೇ ಹಾದು ಬಚ್ಚಲಿಗೆ ಹೋದಳು. ನೀರು ಬಹಳ ಹೊತ್ತು ಸುರಿಯಿತು. ಹೊರಗೆ ಬಂದವಳು ಮಂಚದ ತುದಿಯಲ್ಲಿ ಕೂತು ಅತ್ತೆಯ ಬಾಚಣಿಗೆ ತೆಗೆದುಕೊಂಡು ತಲೆ ಬಾಚಿಕೊಂಡಳು. ಬೇಡ ಎನ್ನುವ ಧೈರ್ಯ ಅತ್ತೆಗೆ ಬರಲಿಲ್ಲ.

ಪುಟ್ಟಿ ಓಡಿಹೋಗಿ ಹೋಟೆಲಿನವನನ್ನು ಕರೆತಂದಳು. ಅವನ ಕೈಯಲ್ಲಿ ಮುಚ್ಚಿದ ತಟ್ಟೆಯಿತ್ತು. ಅವನು ತಲೆಯೆತ್ತದೆ ಹೇಳಿದ್ದನ್ನು ಪುಟ್ಟಿ ನಮಗೆ ಹೇಳಿದಳು.

“ಅವರಮ್ಮ ಅಂತೆ. ಆ ಕಡೆ ಭಾಗ ಮಾರಿ ಗೋಡೆ ಎಬ್ಬಿಸಿದಾರೆ. ಅದಕ್ಕೇ ಈ ಬಾಗಿಲೊಂದೇ ದಾರಿ. ಜನ ಜಾಸ್ತಿ ಬಂದಾಗ ಮಾತ್ರ ಈ ರೂಮು ಕೊಡೋದು. ನಾವು ಹೊರಗೆ ಹೋದಾಗ ಬಂದು ಊಟ ಕೊಡ್ತಿದ್ರಂತೆ. ಇವತ್ತು ಮಧ್ಯಾಹ್ನ ಬಾಗಿಲು ತೆಗೆಯೋಕೆ ಆಗಲಿಲ್ಲ, ಕೀ ಯಾವತ್ತೋ ಕಳೆದುಹೋಗಿತ್ತಂತೆ. ನಮ್ಮನ್ನ ಕೇಳಿದ್ರೆ ಅವರಮ್ಮ ಒಳಗಿರೋದು ನಮಗೆ ಗೊತ್ತಾಗುತ್ತೆ ಅಂತ...” ಪುಟ್ಟಿಯ ದನಿ ಇಳಿಯಿತು. “ಬೀಗ ಒಡೆಯೋಕೆ ನಾಳೆ ನಾವು ಹೊರಗೆ ಹೋಗೋ ತನಕ ಕಾಯೋಣ ಅಂದ್ಕೊಂಡ್ರಂತೆ.”

ಮುದುಕಿ ಬಾಚುವುದನ್ನು ನಿಲ್ಲಿಸಿದಳು. ಎದ್ದು ಮಾವನ ಮಣಿಕಟ್ಟು ಹಿಡಿದು ತನ್ನ ಕೋಣೆಯೊಳಕ್ಕೆ ಕರೆದೊಯ್ದಳು. ಬಾಗಿಲಿನ ಒಳಮೈ ಮೇಲೆ ಒಂದು ಜಾಗ ತೋರಿಸಿ, ಬೆರಳಿನಿಂದ ಚಿಲಕ ಸರಿಸುವಂತೆ ಮಾಡಿದಳು. ಸರಿಸಿದಳು, ತೆಗೆದಳು, ಮತ್ತೆ ಸರಿಸಿದಳು. ಆ ಬಾಗಿಲಿಗೆ ತನ್ನ ಕಡೆಯಿಂದ ಒಂದು ಚಿಲಕ ಬೇಕು ಅವಳಿಗೆ.

ಮಾವ ಹೋಗಿ ಬೀದಿಯ ಹಾರ್ಡ್‌ವೇರ್ ಅಂಗಡಿಯಿಂದ ಒಂದು ಚಿಲಕ ತಂದರು. ಮುದುಕಿಯ ಮಗ ಪುಟ್ಟಿಯ ಕಿವಿಯಲ್ಲಿ ಏನೋ ಹೇಳಿದ.

“ಅಪ್ಪಾ, ಜೋರಾಗಿ ದೂಡಿದ್ರೆ ಕಿತ್ತು ಬರೋ ಹಾಗೆ ಹಾಕಿ ಅಂತಿದಾರೆ. ಅವರಮ್ಮ ಒಳಗೆ ಚಿಲಕ ಹಾಕ್ಕೊಂಡು ಬಿದ್ದುಬಿಟ್ರೆ ಏನು ಮಾಡೋದು ಅಂತ.”

ಆ ಮಾತಿನಲ್ಲಿ ನ್ಯಾಯವಿತ್ತು. ಮಾವ ಗಿಡ್ಡ, ಉದ್ದ ಸ್ಕ್ರೂಗಳನ್ನು ಅಂಗೈಯಲ್ಲಿ ಹರಡಿಕೊಂಡು ತುಂಬ ಹೊತ್ತು ನಿಂತರು. ಮುದುಕಿ ಅವರ ಅಂಗೈಯನ್ನೇ ನೋಡುತ್ತಿದ್ದಳು. ಕೊನೆಗೆ ಅವರು ಉದ್ದನೆಯವನ್ನೇ ಆರಿಸಿ ಪೂರ್ತಿ ತಿರುಗಿಸಿದರು.

ಅವಳು ಬಾಗಿಲು ಮುಚ್ಚಿದಳು. ಚಿಲಕ ಸರಿದ ಸದ್ದಾಯಿತು. ಮಗ ತಟ್ಟೆ ಹಿಡಿದು ಬಾಗಿಲು ತಟ್ಟಿದ, ಕರೆದ, ಮತ್ತೆ ತಟ್ಟಿದ. ಬಾಗಿಲು ತೆರೆಯಲಿಲ್ಲ. ಅವನು ತಟ್ಟೆಯನ್ನು ಕುರ್ಚಿಯ ಮೇಲಿಟ್ಟು ಕೆಳಗೆ ಹೋದ. ಅವನ ಹೆಜ್ಜೆಯ ಸದ್ದು ಮೆಟ್ಟಿಲಿನಲ್ಲಿ ಪೂರ್ತಿ ಅಡಗಿದ ಮೇಲೆ ಚಿಲಕ ತೆರೆಯಿತು. ಒಂದು ಕೈ ಹೊರಬಂತು. ತಟ್ಟೆ ಒಳಗೆ ಹೋಯಿತು. ಚಿಲಕ ಬಿತ್ತು.

ಬೆಳಿಗ್ಗೆಯೂ ಹಾಗೇ ಆಯಿತು. ನಾವಿದ್ದರೆ ಬಾಗಿಲು ತೆರೆಯುತ್ತಿತ್ತು. ಮಗ ಬಂದರೆ ಇಲ್ಲ.

ನಾವು ರೂಮು ಬಿಟ್ಟು ಹೊರಡುವಾಗ ಅವನು ಕೌಂಟರಿನಿಂದ ಎದ್ದುಬಂದು ಮಾವನ ಚೀಲ ಹಿಡಿದುಕೊಂಡ.

“ಚಿಲಕ ಬಿಚ್ಚಿಕೊಟ್ಟು ಹೋಗಿ ಅಂತ ಕೇಳ್ಕೊಳ್ತಿದಾರೆ ಅಪ್ಪಾ,” ಎಂದಳು ಪುಟ್ಟಿ.

“ಅವರಮ್ಮ ಹೂಂ ಅಂದ್ರೆ ಈಗಲೇ ಬಿಚ್ತೀನಿ. ಹೋಗಿ ಕೇಳ್ಕೊಂಡು ಬಾ ಅನ್ನು.”

ಅವನು ಮೆಟ್ಟಿಲ ಕಡೆ ನೋಡಿದ. ಮಾವ ಕಾದರು. ಟ್ಯಾಕ್ಸಿಯವನು ಹಾರ್ನ್ ಹೊಡೆಯುವ ತನಕ ಕಾದರು. ನಾವು ಟ್ಯಾಕ್ಸಿ ಹತ್ತುವಾಗಲೂ ಮುದುಕಿಯ ಮಗ ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟು, ಅಲ್ಲೇ ನಿಂತಿದ್ದ.