ದಾಸರ ಕೈಯಲ್ಲಿ ತಾಲಾ

ಔರಾದಿನಲ್ಲಿ ಸಂಗೀತದ ತರಗತಿ ಶುರುಮಾಡುವಾಗ ನಾನೊಂದು ಹಟ ಹಿಡಿದಿದ್ದೆ. ಇವತ್ತಿಗೂ ಮಕ್ಕಳು ಮೊದಲು ಕಲಿಯುವ ಸರಳೆ ವರಸೆಗಳನ್ನು ಕಟ್ಟಿಕೊಟ್ಟ ಹರಿದಾಸರ ಮೂರ್ತಿಯೊಂದು ಕೋಣೆಯಲ್ಲಿ ಇರಲೇಬೇಕು. ಪಟ ಸಾಕೆಂದರು ಮನೆಯವರು. ನಾನು ಕೇಳುವ ಪೈಕಿ ಅಲ್ಲ. ಉದ್ಘಾಟನೆಗೆ ಬೀದರದಿಂದ ನನ್ನ ಗುರುಗಳು ಬರುವವರಿದ್ದರು. ನಾವೆಲ್ಲ ಬಾಯಾರು ಎಂದು ಕರೆಯುವ ಆಕೆ ಹನ್ನೆರಡು ವರ್ಷ ಕಲಿಸಿದರೂ ಒಮ್ಮೆಯೂ ನನಗೆ ಶಾಬಾಸ್ ಅಂದವರಲ್ಲ. ತೊಡೆಯ ಮೇಲೆ ನನ್ನ ಕೈ ತಪ್ಪಿ ಬಿದ್ದಾಗಲೆಲ್ಲ, ನಿನಗೆ ತಾಳ ಹತ್ತುವುದಿಲ್ಲ ಬಿಡು ಎನ್ನುತ್ತಿದ್ದರು. ಆ ದಿನವಾದರೂ ಅವರ ಬಾಯಿಂದ ಆ ಒಂದು ಮಾತು ಬರಲಿ ಎಂಬುದೇ ನನ್ನಾಸೆ.

ಮೂರ್ತಿ ಮಾಡಲು ಒಪ್ಪಿದವರು ಬೀದರದ ನಿವೃತ್ತ ಡ್ರಾಯಿಂಗ್ ಮಾಸ್ತರು, ಮನೆಯಲ್ಲಿ ದಖನಿ ಉರ್ದು ಆಡುವವರು. ದಾಸರ ಹೆಸರು ಕೇಳಿದ್ದರು, ರೂಪ ತಿಳಿಯದು. ನಾನು ಫೋನಿನಲ್ಲೇ ಎಲ್ಲ ಹೇಳಿದೆ: ತಲೆಗೆ ರುಮಾಲು, ಹೆಗಲಿಗೆ ತಂಬೂರಿ, ಬಲಗೈಯಲ್ಲಿ ತಾಳ. ಫೋಟೊ ಕಳಿಸುತ್ತೇನೆಂದು ಹೇಳಿ ಮರೆತೇಬಿಟ್ಟೆ.

ಉದ್ಘಾಟನೆಯ ದಿನ ಮಾಸ್ತರು ಮೂರ್ತಿಗೆ ಚಾದರ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡೇ ತಂದರು. ಬಾಯಾರು ಚಾದರ ಸರಿಸಿದರು. ಎಂಥ ಮುಖ ಅದು! ಇನ್ನೇನು ಹಾಡಿಬಿಡುತ್ತಾರೆ ಎನ್ನುವಂತೆ ತುಟಿ ಅರೆ ತೆರೆದಿತ್ತು. ನನಗೆ ಕುಣಿಯುವಷ್ಟು ಖುಷಿಯಾಯಿತು. ಆಮೇಲೆ ಕಣ್ಣು ಕೆಳಗಿಳಿಯಿತು. ಬಲಗೈಯಲ್ಲಿ ದೊಡ್ಡದೊಂದು ಬೀಗ!

ನಾನು ಹೇಳಿದ್ದು ತಾಳ, ಮಾಸ್ತರರಿಗೆ ಕೇಳಿಸಿದ್ದು ತಾಲಾ. ಅವರ ಮನೆಮಾತಿನಲ್ಲಿ ಹಾಗೆಂದರೆ ಬೀಗ. ಬಾಯಾರು ನನ್ನನ್ನೇ ನೋಡುತ್ತಿದ್ದರು. ಮಾಸ್ತರರ ಮುಖದಲ್ಲಿ ಮಾತ್ರ ಹೆಮ್ಮೆ.

“ಹಾಡೋರಿಗೆ ತಾಲಾ ಯಾಕಂತ ನನಗೂ ತಿಳೀಲಿಲ್ರಿ ಅಕ್ಕೋರೆ. ಬಾಜೂ ಮನ್ಯಾಗ ಕೇಳ್ದೆರಿ. ದಾಸ್ರು ಮೊದಲಿಗೆ ಭಾರಿ ಸಾವಕಾರ್ರು ಇದ್ರಂತ, ಎಲ್ಲಾ ಬಿಟ್ಟು ಹಾಡ್ಕೋತ ಹೊಂಟ್ರಂತ. ಅದಕ್ಕ ತಾಲಾ ತೆರದೇ ಮಾಡೀನ್ರಿ.”

ನೋಡಿದರೆ ನಿಜವೇ, ಬೀಗದ ಕೊಂಡಿ ತೆರೆದುಕೊಂಡಿತ್ತು. ಬಾಯಾರು ಅದರ ಮೇಲೆ ನಿಧಾನವಾಗಿ ಬೆರಳಾಡಿಸಿದರು. ಆಮೇಲೆ ತಲೆಯೆತ್ತಿ, “ಶಾಬಾಸ್ ಮಾಸ್ತರ್ರ” ಎಂದರು.

ಅಷ್ಟು ವರ್ಷ ನಾನು ಬಾಯಿ ಬಿಟ್ಟುಕೊಂಡು ಕಾದಿದ್ದ ಮಾತು ಕಣ್ಣೆದುರೇ ಮಾಸ್ತರರ ಪಾಲಾಯಿತು. ಹೊಟ್ಟೆ ಉರಿಯಿತು, ನಗುವೂ ಉಕ್ಕಿತು. ಮರ್ಯಾದೆ ಬಿಟ್ಟು, ಫೋಟೊ ಕಳಿಸದೆ ಫೋನಿನಲ್ಲೇ ತಾಳ ಎಂದು ಹೇಳಿ ಮುಗಿಸಿದವಳು ನಾನು, ನನಗೂ ಆ ಶಾಬಾಸಿನಲ್ಲಿ ಪಾಲು ಬೇಕೆಂದೆ.

ಬಾಯಾರು ನನ್ನ ತಲೆಗೆ ಮೆಲ್ಲಗೆ ಮೊಟಕಿದರು. “ಇಷ್ಟ ವರ್ಷದಾಗ ನಿನ್ನ ತಾಳ ತಪ್ಪಿ ಛಲೋ ಆಗಿದ್ದು ಇದೊಂದೇ ಸಲ ನೋಡು.”

ಅದನ್ನೇ ನಾನು ಶಾಬಾಸ್ ಎಂದು ಇಟ್ಟುಕೊಂಡಿದ್ದೇನೆ.