ಎಣ್ಣೆ ಡಬ್ಬದ ಕೊತ್ತಂಬರಿ

ಧನಿಯಾ ಬೀಜವನ್ನು ಬಿತ್ತುವ ಮೊದಲು ನೆಲಕ್ಕೆ ಹಾಕಿ, ಅಂಗೈಯಲ್ಲಿ ಉಜ್ಜಿ, ಎರಡು ಹೋಳು ಮಾಡಬೇಕು. ಆಗ ಒಂದು ತಣ್ಣನೆಯ ವಾಸನೆ ಏಳುತ್ತದೆ. ಇವತ್ತಿಗೂ ಅದು ಮೂಗಿಗೆ ಬಡಿದರೆ ಅರಸೀಕೆರೆಯ ನಮ್ಮ ಹೆಂಚಿನ ಮನೆಯ ಹಿತ್ತಿಲು, ಅಲ್ಲಿ ಕುಕ್ಕರುಗಾಲಲ್ಲಿ ಕೂತ ಜಯತ್ತೆ ಕಣ್ಣಮುಂದೆ ಬರುತ್ತಾಳೆ. ಆ ಮನೆಯೂ ಈಗಿಲ್ಲ, ಆ ಮನೆಯವರಲ್ಲಿ ನನ್ನನ್ನು ಬಿಟ್ಟು ಯಾರೂ ಇಲ್ಲ. ಜಯತ್ತೆ ನಮ್ಮ ಅಪ್ಪನ ತಂಗಿ. ಹತ್ತಿರದ ಗಂಡಸಿ ಎಂಬ ಊರಿಗೆ ಕೊಟ್ಟಿದ್ದರು. ಮಕ್ಕಳಾಗಲಿಲ್ಲವೆಂದು ಗಂಡನ ಮನೆಯವರು ತವರಿಗೆ ತಂದು ಬಿಟ್ಟು, ‘ಯುಗಾದಿಗೆ ಬಂದು ಕರ್ಕೊಂಡು ಹೋಯ್ತೀವಿ’ ಎಂದು ಹೇಳಿ ಹೋಗಿದ್ದರು. ನಾವು ಮಕ್ಕಳು ಹೊಸ ಬಟ್ಟೆಗೆಂದು ಯುಗಾದಿ ಕಾಯುತ್ತಿದ್ದರೆ ಅತ್ತೆ ಕಾಯುತ್ತಿದ್ದುದು ಅದಕ್ಕೆ.

ಕಾಯುವವರಿಗೆ ಕೈಗೊಂದು ಕೆಲಸ ಬೇಕಲ್ಲ. ಅತ್ತೆ ತಳ ತೂತಾದ ಎಣ್ಣೆ ಡಬ್ಬಗಳಿಗೆ ಮಣ್ಣು ತುಂಬಿ ಪುದೀನ ಚುಚ್ಚಿದಳು, ದೊಡ್ಡಪತ್ರೆ ನೆಟ್ಟಳು. ಒಂದೂ ಹತ್ತಲಿಲ್ಲ. ನಮ್ಮ ಬೀದಿಯ ಬೋರ್‌ವೆಲ್ ನೀರು ಬಿಂದಿಗೆಯ ತಳದಲ್ಲಿ ಸುಣ್ಣ ಬಳಿದಂತೆ ಕೂರುತ್ತಿತ್ತು. ಅಂಥ ನೀರಿಗೆ ಯಾವ ಪುದೀನ ಬದುಕೀತು? ಅಜ್ಜಿ ಮಾತ್ರ ನೀರನ್ನು ಬೈಯಲಿಲ್ಲ. ಪಕ್ಕದ ಮನೆಯವರ ಎದುರಿಗೇ, “ಬಂಜೆ ಕೈಗೆ ಹಸ್ರು ಹತ್ತಲ್ಲ ಕಣೇ, ಮುಟ್ಬೇಡ” ಅಂದಳು. ಹೆತ್ತ ತಾಯಿ ಆಡುವ ಮಾತೇ ಅದು! ನೆನೆಸಿಕೊಂಡರೆ ನನಗೆ ಈಗಲೂ ಮೈ ಉರಿಯುತ್ತದೆ. ಅತ್ತೆ ಅಂದಿನಿಂದ ಅಕ್ಕಿ ತೊಳೆದ ನೀರನ್ನು ಚೆಲ್ಲದೆ ಎತ್ತಿಡತೊಡಗಿದಳು.

ಶಿವರಾತ್ರಿಯ ಹೊತ್ತಿಗೆ ಅಜ್ಜಿ ನನ್ನನ್ನು ಕರೆದು, “ಕೂಸಿನ ಕೈಗುಣ ನೋಡಾನ” ಎಂದು ಒಂದು ಡಬ್ಬಕ್ಕೆ ನನ್ನಿಂದ ಕೊತ್ತಂಬರಿ ಬಿತ್ತಿಸಿದಳು. ದಿನಾ ಬೆಳಗ್ಗೆ ಎದ್ದು ನೋಡಿದರೆ ಬರೀ ಮಣ್ಣು. “ಚಳಿ ಶಿವಶಿವಾ ಅಂತ ಹೋಗ್ಲಿ ತಡಿ, ಆಮೇಲೆ ಬತ್ತದೆ” ಎಂದು ಅತ್ತೆ ಸಮಾಧಾನ ಹೇಳುವಳು. ಬಂತು ನೋಡಿ! ಮೊದಲು ಎರಡೆರಡು ಉದ್ದನೆಯ ಎಲೆ, ಆಮೇಲೆ ಡಬ್ಬ ತುಂಬ ಹಸಿರು. ಅಜ್ಜಿ ನನಗೆ ದೃಷ್ಟಿ ತೆಗೆದಳು, ಬಂದವರಿಗೆಲ್ಲ ಡಬ್ಬ ತೋರಿಸಿದಳು. ನಾನೂ ಬೀಗಿದೆ. ಅತ್ತೆ ಒಳಗೊಳಗೇ ನಗುತ್ತಿದ್ದಳು, ನನ್ನ ಸಡಗರ ನೋಡಿ ನಗುತ್ತಾಳೆ ಅಂದುಕೊಂಡೆ.

ಯುಗಾದಿ ಇನ್ನೇನು ಬಂತು ಅನ್ನುವಾಗ ಗಂಡಸಿ ಊರಿಗೆ ಹೋಗಿದ್ದ ಅಪ್ಪ ವಾಪಸು ಬಂದು ಜಗಲಿಯ ಮೇಲೆ ಕುಸಿದು ಕೂತರು. ಅತ್ತೆಯ ಗಂಡ ಇನ್ನೊಬ್ಬಳಿಗೆ ತಾಳಿ ಕಟ್ಟಿಯಾಗಿತ್ತು. ಅಜ್ಜಿ ಎದೆ ಬಡಿದುಕೊಂಡು ಅತ್ತಳು. ಅತ್ತೆ ಅಳಲಿಲ್ಲ. ಮಾರನೆಯ ದಿನ ಡಬ್ಬದ ಕೊತ್ತಂಬರಿಯನ್ನೆಲ್ಲ ಬೇರು ಸಮೇತ ಕಿತ್ತು, ತೊಳೆದು, ಒರಳಿಗೆ ಹಾಕಿ ಚಟ್ನಿ ಅರೆದಳು. ಎಲ್ಲರಿಗೂ ಮುದ್ದೆಯ ಜೊತೆ ಬಡಿಸಿದಳು.

“ಅಯ್ಯೋ, ಕೂಸು ಬಿತ್ತಿದ್ದನ್ನ ಒಂದೂ ಬಿಡ್ದಂಗೆ ಕಿತ್ಬುಟ್ಯಲ್ಲೇ!” ಅಂದಳು ಅಜ್ಜಿ.

“ಕೂಸು ಬಿತ್ತಿದ್ದನ್ನ ಅವತ್ತೇ ಕೋಳಿ ಕೆದರಿ ತಿಂದ್ಹೋಯ್ತು ಕಣವ್ವ. ಇದು ನಾನು ಬಿತ್ತಿದ್ದು. ಅವರು ಕರ್ಕೊಂಡೋಗಾಕೆ ಬಂದಾಗ ಎಲ್ರ ಮುಂದೆ ಹೇಳಾನ ಅಂತಿದ್ದೆ.”

ಅಜ್ಜಿಯ ತುತ್ತು ಕೈಯಲ್ಲೇ ಉಳಿಯಿತು. ಅತ್ತೆ ಖಾಲಿಯಾದ ತಟ್ಟೆಗಳಿಗೆ ಇನ್ನಷ್ಟು ಚಟ್ನಿ ಹಾಕಿಕೊಂಡು ಹೋದಳು.

ಅವಳು ಆಮೇಲೆ ಸಾಯುವತನಕ ನಮ್ಮ ಮನೆಯಲ್ಲೇ ಇದ್ದಳು. ಮರುವರ್ಷ ಚಳಿ ಕಳೆಯುವ ಹೊತ್ತಿಗೆ ಅಜ್ಜಿಯೇ ಒಂದು ಹಿಡಿ ಧನಿಯಾ ತಂದು ಅವಳ ಮುಂದಿಟ್ಟು, “ನಿನ್ ಕೈಯಾರೆ ಬಿತ್ತೇ ಜಯ” ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಅತ್ತೆ ಅದನ್ನು ತೆಗೆದುಕೊಂಡು ಹೋಗಿ ಬಾಣಲೆಗೆ ಸುರಿದು, ಕೆಂಪಗೆ ಹುರಿದು, ಸಾರಿನ ಪುಡಿ ಮಾಡಿದಳು.